ಬಾಗಿಲಿಗೆ ಕಾಣುವ ಜಾಗ

"ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು" ಎಂದು ಎಣಿಸುತ್ತ ಕಲ್ಲೇಶ ತನ್ನ ಬೋರ್‌ವೆಲ್ಲಿನಿಂದ ಬದು ದಾಟಿ, ಕಡಲೆ ಕಿತ್ತ ಹೊಲದೊಳಗೆ ಬಂದು, ಕೈಯಲ್ಲಿದ್ದ ತೊಗರಿ ಕಟ್ಟಿಗೆಯನ್ನು ನೆಲಕ್ಕೆ ಚುಚ್ಚಿದ. ಅವನು ಇಟ್ಟದ್ದು ಮನುಷ್ಯರು ನಡೆಯುವ ಹೆಜ್ಜೆಯಲ್ಲ. ಹಳ್ಳ ಜಿಗಿಯುವ ಹೆಜ್ಜೆ.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಶಿವಲಿಂಗಮ್ಮ ಅದನ್ನು ನೋಡಿದಳು. ಮುಂದಿನ ಪಡಸಾಲೆಯಲ್ಲಿ ಅವಳ ಗಂಡ ಕುಬೇರಪ್ಪ ಮಾಸ್ತರನ್ನು ಕುರ್ಚಿಯಲ್ಲಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಭಜನೆಯವರು ತಾಳ ಹಾಕುತ್ತಿದ್ದರು. ಮಗಳು ಲಲಿತಾ ತಂದೆಯ ಪಾದ ಹಿಡಿದು ಕೂತಿದ್ದಳು. ಗಂಡನನ್ನು ಕಳೆದುಕೊಂಡವಳು ಹೆಣದ ಬಳಿ ಕೂತು ಅಳಬೇಕು ಎಂಬುದು ಊರ ಹೆಂಗಸರ ಅಭಿಪ್ರಾಯ. ಶಿವಲಿಂಗಮ್ಮ ಬೆಳಗಿನಿಂದ ಮೂರು ಸಲ ಅತ್ತಿದ್ದಳು. ನಾಲ್ಕನೆಯ ಸಲಕ್ಕೆ ಮುಂಚೆ ಜಾಗ ತೀರ್ಮಾನವಾಗಬೇಕಿತ್ತು.

"ಲೇ ಕಲ್ಲೇಶ, ಅಷ್ಟು ಕಾಲು ಅಗಲಿಸಬ್ಯಾಡ, ಪ್ಯಾಂಟ್ ಹರದೀತು. ಸತ್ತ ಮನ್ಯಾಗ ಸೂಜಿ ದಾರ ಹುಡುಕೂದು ಯಾರು?" ಎಂದಳು.

ಹೊಲದಲ್ಲಿದ್ದ ನಾಲ್ಕೈದು ಮಂದಿ ಮುಖ ತಿರುಗಿಸಿ ನಕ್ಕರು. ಕಲ್ಲೇಶ ಮಾಸ್ತರ ಅಣ್ಣನ ಮಗ, ಐವತ್ತು ದಾಟಿದವ. ಪಕ್ಕದ ಹೊಲ ಅವನದು. ಈ ಹೊಲದ ಪಹಣಿ ಉತಾರದಲ್ಲೂ ಅವನ ಹೆಸರು ಕೂಡಿಯೇ ಇತ್ತು. ಅವನು ಹೂಂ ಎನ್ನದೆ ಗುದ್ದಲಿ ಮೇಲೇಳುವಂತಿರಲಿಲ್ಲ.

"ಚಿಗವ್ವ, ಕಾಕಾ ನನಗ ದೇವರಿದ್ದಂಗ. ಆದ್ರ ಆ ಬೋರಿನ ನೀರು ನಾವು ಕುಡಿಯೋದು. ಇಪ್ಪತ್ತು ಹೆಜ್ಜಿ ಒಳಗ ಕುಣಿ ತೋಡಾಕ ನಾ ಒಪ್ಪಂಗಿಲ್ಲ. ಆಗೂದಿಲ್ಲಂದ್ರ ಹಳ್ಳದ ಆಚಿ ರುದ್ರಭೂಮಿ ಐತಲ್ಲ. ಊರ ಮಂದಿನ್ನೆಲ್ಲ ಅಲ್ಲೇ ಇಟ್ಟೇವಿ."

"ಊರ ಮಂದಿ ಹೆಂಡ್ರಿಗೆ ನನ್ನಂಗ ಮೊಣಕಾಲ ನೋವು ಇರಲಿಕ್ಕಿಲ್ಲ. ಅಲ್ಲಿತನಕ ನಾ ಹೆಂಗ ನಡೀಲಿ? ಈ ಬಾಗಲದಾಗ ನಿಂತ್ರ ನನಗ ಅವರು ಕಾಣಬೇಕು. ಬೈದ್ರ ಅವರಿಗೆ ಕೇಳಬೇಕು. ಮಗ್ಗಲಕ ನನಗೂ ಒಂದು ಕುಣಿ ಜಾಗ ಉಳೀಬೇಕು. ಇಷ್ಟ ನನ್ನ ಮಾತು."

ನಲವತ್ತೊಂಬತ್ತು ವರ್ಷ ಗಂಡನನ್ನು ಬೈದವಳು ಒಂದೇ ದಿನಕ್ಕೆ ಬಾಯಿ ಮುಚ್ಚು ಎಂದರೆ ಮುಚ್ಚುವುದು ಹೇಗೆ?

ಕುಣಿ ತೋಡುವ ಗ್ಯಾನಪ್ಪ ಗುದ್ದಲಿಯ ಕಾವಿಗೆ ಗದ್ದ ಊರಿ ನಿಂತಿದ್ದ. ಅವನೂ ತನ್ನದೊಂದಿಷ್ಟು ಸೇರಿಸಿದ. "ಬಡಗಣ ಕಡೆ ರೋಡ್ ಅಗಲ ಮಾಡ್ತಾರಂತ್ರಿ, ಹದಿನೈದು ಹೆಜ್ಜಿ ಬಿಡಬೇಕು. ತೆಂಕಣ ಕಡೆ ಕರೆಂಟ್ ಮಾಡೋ ಗಾಳಿ ಫ್ಯಾನಿನ ದೊಡ್ಡ ತಂತಿ ಹೋಗೈತಿ. ಅದರ ಬುಡಕ ಮುಂದ ಗದ್ದಿಗಿ ಕಟ್ತೀವಂದ್ರ ಬಿಡಂಗಿಲ್ಲ. ಈ ಕಡೆ ನಿಮ್ಮ ದನದ ಶೆಡ್ಡಿನ ಮೂಲಿ ಅಡ್ಡ ಬರತೈತಿ. ಅದರ ಹಿಂದಿಟ್ರ ಅಮ್ಮಾರ ಕಣ್ಣಿಗೆ ಕಾಣಂಗಿಲ್ಲ. ಎಲ್ಲಿ ತೋಡ್ಲಿ ಹೇಳ್ರಿ."

"ಲಗೂನ ಹೇಳ್ರಿ. ಹೊತ್ತು ಮುಣುಗಿದ ಮ್ಯಾಲ ನಾ ಕ್ರಿಯಾ ಮಾಡಂಗಿಲ್ಲ" ಎಂದರು ಮಠದ ಅಯ್ಯನವರು. ಆಗಲೇ ಎರಡು ಗಂಟೆಯಾಗಿತ್ತು.

ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ ಮುಷರಫ ಎದ್ದ. ಮಾಸ್ತರ ಹಳೆಯ ವಿದ್ಯಾರ್ಥಿ. ಈಗ ಕುಷ್ಟಗಿಯಲ್ಲಿ ಮನೆ ಕಟ್ಟುವ ಗೌಂಡಿ, ಕೈಕೆಳಗೆ ಹತ್ತಾರು ಆಳು. ಸುದ್ದಿ ಕೇಳಿ ಕೆಲಸ ನಿಲ್ಲಿಸಿ ಆಳುಗಳ ಸಮೇತ ಟಂಟಂ ಗಾಡಿಯಲ್ಲಿ ಬಂದಿದ್ದ.

"ಅಮ್ಮಾರ, ಇದು ಸರ್ ಕಲಿಸಿದ್ದ ಲೆಕ್ಕ ಐತಲ್ರಿ. ಇದಕ್ಕಿಂತ ಹೆಚ್ಚಿರಬೇಕು, ಅದಕ್ಕಿಂತ ಕಡಿಮಿ ಇರಬಾರದು. ಎಲ್ಲಾ ಅಸಮತಿ. ಒಂದೊಂದಕ್ಕ ಒಂದೊಂದು ಗೆರಿ ಹಾಕಿಬಿಟ್ರ ಜಾಗ ತಾನ ಬಾಯಿ ಬಿಡತೈತಿ. ನನ್ನ ಗಾಡ್ಯಾಗ ಪಾಯಾಕ್ಕ ಹೊಡಿಯೋ ಸುಣ್ಣ ಐತಿ, ಹುರಿ ಐತಿ."

"ನಾಲ್ಕು ಗೆರಿ ಅಣ್ಣಾ" ಎಂದಳು ದೀಪಿಕಾ. ಅವಳು ಮಾಸ್ತರು ನಿವೃತ್ತರಾದ ವರ್ಷದ ಕೊನೆಯ ಬ್ಯಾಚು. ಈಗ ಕೊಪ್ಪಳದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. "ಅಮ್ಮಾರ ಬಾಗಲ ಅಂದ್ರ ಸೊನ್ನಿ-ಸೊನ್ನಿ. ಅಲ್ಲಿಂದ ಅಳೀರಿ. ಬೋರು, ರೋಡು ನಿಮ್ಮದು. ತಂತಿ, ಶೆಡ್ಡು ನನ್ನದು."

"ಸತ್ತ ಮ್ಯಾಲೂ ಕಾಕಾ ಲೆಕ್ಕ ಬಿಡಲಿಲ್ಲ ನೋಡು" ಎಂದು ಕಲ್ಲೇಶ ಗೊಣಗಿದ. ಆದರೂ ಹುರಿಯ ಒಂದು ತುದಿ ಹಿಡಿದ.

* * *

ಮುಷರಫ ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ, ಒಂದು ಮಧ್ಯಾಹ್ನ ಶಿವಲಿಂಗಮ್ಮ ಗಂಡನಿಗೆ ಬುತ್ತಿ ಒಯ್ದಿದ್ದಳು. ಹೈಸ್ಕೂಲಿನ ಬಯಲಲ್ಲಿ ಉದ್ದಕ್ಕೆ ಒಂದು ಸುಣ್ಣದ ಗೆರೆ. ಗೆರೆಯ ಈಚೆಗೆ ನಲವತ್ತು ಮಕ್ಕಳು ನೆತ್ತಿಯ ಬಿಸಿಲಲ್ಲಿ ನಿಂತಿದ್ದವು. ಆಚೆಗೆ ಒಬ್ಬನೇ ಮುಷರಫ. ಮಾಸ್ತರು ಮಾತ್ರ ಬೇವಿನ ಗಿಡದ ನೆರಳಲ್ಲಿ.

ಶಿವಲಿಂಗಮ್ಮನ ಸಿಟ್ಟಿಗೆ ಒಲೆಯ ಹಾಗೆ ಊದುವ ಅಗತ್ಯ ಇರಲಿಲ್ಲ. "ಏನ್ರಿ ಮಾಸ್ತರ, ಮಕ್ಕಳ್ನ ಬಿಸಲಾಗ ಒಣಗಿಸಿ ಸಂಡಿಗಿ ಮಾಡಾಕ ಹತ್ತೀರೇನು? ಏನು ತಪ್ಪು ಮಾಡ್ಯಾವ ಇವು? ನೀವು ನಿಂತು ನೋಡ್ರಿ ಒಂದ ತಾಸು" ಎಂದು ಇಡೀ ಸಾಲೆಗೆ ಕೇಳುವಂತೆ ಬೈದಳು.

ಮುಂದೆ ನಿಂತಿದ್ದ ಹುಡುಗಿಯೊಂದು ಹೆದರಿಕೊಂಡು ಹೇಳಿತು. "ಶಿಕ್ಷಾ ಅಲ್ರಿ ಅಮ್ಮಾರ. ನಾವು ಉತ್ತರ ಅದೀವ್ರಿ."

"ಏನದೀರಿ?"

"ಉತ್ತರ್ರಿ."

"ಮತ್ತ ಅವ?"

"ಅವನ ಬಂಡಿ ಅಚ್ಚು ಮುರದೈತ್ರಿ."

ಮಾಸ್ತರು ನಗುತ್ತ ಬಂದು ತಿಳಿಸಿ ಹೇಳಿದರು. ಜೋಳದ ಚೀಲ ಒಂದು ಕ್ವಿಂಟಲ್, ಉಳ್ಳಾಗಡ್ಡಿ ಚೀಲ ಅರ್ಧ ಕ್ವಿಂಟಲ್. ಬಂಡಿ ಆರು ಕ್ವಿಂಟಲ್‌ಗಿಂತ ಹೆಚ್ಚು ತಡೆಯುವುದಿಲ್ಲ. ಒಬ್ಬೊಬ್ಬ ಹುಡುಗ ತನಗೆ ಬೇಕಾದಷ್ಟು ಜೋಳ, ಬೇಕಾದಷ್ಟು ಉಳ್ಳಾಗಡ್ಡಿ ಹೇರಿಕೊಂಡು, ಜೋಳದ ಚೀಲಕ್ಕೊಂದರಂತೆ ಮೂಡಣಕ್ಕೆ, ಉಳ್ಳಾಗಡ್ಡಿ ಚೀಲಕ್ಕೊಂದರಂತೆ ಬಡಗಣಕ್ಕೆ ಹೆಜ್ಜೆ ಇಟ್ಟು ಹೋಗಿ ನಿಲ್ಲಬೇಕು. ಗೆರೆಯ ಈಚೆಗೆ ನಿಂತವರ ಬಂಡಿ ಊರು ಮುಟ್ಟುತ್ತದೆ. ಮುಷರಫ ಆಸೆಗೆ ಬಿದ್ದು ಐದು ಚೀಲ ಜೋಳ, ನಾಲ್ಕು ಚೀಲ ಉಳ್ಳಾಗಡ್ಡಿ ಹೇರಿದ್ದ.

"ಗೆರಿ ಮ್ಯಾಲ ನಿಂತ್ರ?"

"ನಡೀತೈತಿ. ಬರೋಬರಿ ಆರು ಕ್ವಿಂಟಲ್."

"ಹಂಗಾದ್ರ ನಿಮ್ಮ ಬುತ್ತಿ ಇಲ್ಲೇ ಇಡ್ತೀನಿ" ಎಂದು ಗೆರೆಯ ಮೇಲೆ ಬುತ್ತಿ ಇಟ್ಟಳು. ಇಟ್ಟ ಮೇಲೆ ಬಿಚ್ಚಿ, ಒಂದು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಅಚ್ಚು ಮುರಿದವನ ಕೈಗೆ ಕೊಟ್ಟಳು. ಅವಳು ಹೊರಡುವಾಗ ಮಾಸ್ತರು ಕೂಗುತ್ತಿದ್ದರು: "ಉತ್ತರ ಇರೂ ಕಡೆ ಸುಣ್ಣ ಹೊಡೀರಿ. ಉತ್ತರ ಎದ್ದು ಕಾಣಬೇಕು." ನಲವತ್ತು ಮಕ್ಕಳು ಕೈ ಮುಖ ಬೆಳ್ಳಗೆ ಮಾಡಿಕೊಂಡು ತಾವು ನಿಂತ ನೆಲಕ್ಕೆಲ್ಲ ಅಡ್ಡಗೆರೆ ಎಳೆಯುತ್ತಿದ್ದವು.

ಪುಸ್ತಕದಲ್ಲಿ ಆ ಪಾಠ ಇದ್ದ ವರ್ಷವೂ ಮಾಸ್ತರು ಅದನ್ನು ಕಲಿಸಿದರು, ಇಲ್ಲದ ವರ್ಷವೂ ಕಲಿಸಿದರು. ಅವರ ಬದುಕಿನಲ್ಲಿ ಬೇರೆ ಹೇಳಿಕೊಳ್ಳುವಂಥ ಸಾಹಸ ಏನೂ ಇರಲಿಲ್ಲ. ಪ್ರಶಸ್ತಿ ಬರಲಿಲ್ಲ. ಹೆಡ್ಮಾಸ್ತರು ಆಗಲಿಲ್ಲ. ಸೈಕಲ್ಲು ಬಿಟ್ಟು ಬೇರೆ ಗಾಡಿ ಹತ್ತಲಿಲ್ಲ.

* * *

ನಾಲ್ಕು ಗಂಟೆಯ ಹೊತ್ತಿಗೆ ಶಿವಲಿಂಗಮ್ಮ ಮತ್ತೆ ಹಿತ್ತಲ ಬಾಗಿಲಿಗೆ ಬಂದಳು. ಗುದ್ದಲಿಯ ಸಪ್ಪಳ ಕೇಳುತ್ತಿತ್ತು. ಗ್ಯಾನಪ್ಪ ಕೆಮ್ಮುವುದೂ ಕೇಳುತ್ತಿತ್ತು. ಆದರೆ ಅವಳ ಕಣ್ಣಿಗೆ ಗ್ಯಾನಪ್ಪನೂ ಇಲ್ಲ, ಕುಣಿಯೂ ಇಲ್ಲ. ಎದುರಿಗೆ ಕರಿಯ ಹೊಲ ಖಾಲಿ ಬಿದ್ದಿತ್ತು. ದನದ ಶೆಡ್ಡಿನ ಹಿಂದಿನಿಂದ ಮಣ್ಣಿನ ಹೆಂಟೆಗಳು ಮೇಲೆ ಹಾರಿ ಬೀಳುತ್ತಿದ್ದವು.

ಅವಳು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿದಳು. "ಯವ್ವಾ, ಹೆಣ ಬಿಟ್ಟು ಎಲ್ಲಿ ಹೊಂಟಿಬೇ?" ಎಂದು ಹೆಂಗಸೊಬ್ಬಳು ತಡೆದಳು.

"ಅವರೇನು ಎದ್ದು ಹೋಗಂಗಿಲ್ಲ, ಕುಂದರ್ರಿ" ಎಂದು ಶೆಡ್ಡು ಸುತ್ತಿ ನಡೆದಳು.

ಶೆಡ್ಡಿನ ಹಿಂದೆ, ಗಾಳಿ ಫ್ಯಾನಿನ ತಂತಿಯ ನೇರ ಕೆಳಗೆ, ಗ್ಯಾನಪ್ಪ ಸೊಂಟದ ಮಟ ಇಳಿದಿದ್ದ.

"ಏನಪಾ ಗ್ಯಾನಪ್ಪ, ಸತ್ತಾಂವ ನನ್ನ ಗಂಡನೋ ನನ್ನ ದನವೋ? ದನದ ಹಿಂದ ತೋಡಾಕ ಯಾರು ಹೇಳಿದ್ರು ನಿನಗ?"

ಗ್ಯಾನಪ್ಪ ಗುದ್ದಲಿ ಕೆಳಗಿಟ್ಟ. "ಮುಷರಫ ಸಾಹೇಬ್ರು ಹೇಳ್ಯಾರ್ರಿ. ನಾಲ್ಕೂ ಕಡೆ ಗೆರಿ ಮುಗಿದ ಮ್ಯಾಲ ಸುಣ್ಣ ಎಲ್ಲಿ ದಟ್ಟ ಬಿದ್ದಿರತೈತೋ ಅಲ್ಲೇ ತೋಡು ಅಂದು ಉಪ್ಪು ತರಾಕ ಅಂಗಡಿಗೆ ಹೋದ್ರು. ನೋಡ್ರಿ, ಹಾಲು ಚೆಲ್ಲಿದಂಗ ಇಲ್ಲೇ ಬಿದ್ದೈತಿ. ತಂತಿ ಬುಡಕ ಅಂತ ನನಗೂ ಗೊತ್ತಿತ್ರಿ, ಕಲಿತವರ ಲೆಕ್ಕ ಅಂತ ತೋಡಿದೆ."

ಸುಳ್ಳಲ್ಲ. ಇಡೀ ಹೊಲದಲ್ಲಿ ನಾಲ್ಕು ಗೆರೆಗಳ ಅಡ್ಡಸುಣ್ಣವೂ ಒಂದರ ಮೇಲೊಂದು ಬಿದ್ದ ಜಾಗ ಅದೊಂದೇ. ಅಷ್ಟರಲ್ಲಿ ಮುಷರಫ ಎರಡು ಚೀಲ ಉಪ್ಪು ಇಳಿಸಿ ಓಡಿಬಂದ. ಗದ್ದಲ ಕೇಳಿ ದೀಪಿಕಾ ಪಡಸಾಲೆಯಿಂದ ಬಂದಳು. ಅವಳ ಹಿಂದೆ ಭಜನೆಯವರನ್ನು, ಹೆಣದ ಬಳಿ ಕೂತ ಹೆಂಗಸರನ್ನು ಬಿಟ್ಟು ಉಳಿದವರೆಲ್ಲ ಬಂದರು.

ದೀಪಿಕಾ ಹೊಲ ನೋಡಿದಳು. ಮುಷರಫನ ಗೆರೆ ನೋಡಿದಳು. ಹಣೆ ಬಡಿದುಕೊಂಡಳು. "ಅಣ್ಣಾ, ನೀವು ಯಾವ ಕಡೆ ಸುಣ್ಣ ಹೊಡದೀರಿ?"

"ಉತ್ತರ ಇರೂ ಕಡೆ. ಮತ್ತ ಯಾವ ಕಡೆ ಹೊಡೀತಾರ?"

"ನಾ ಬ್ಯಾಡಾದ ಕಡೆ ಹೊಡದೀನಿ. ತಂತಿ ಬುಡಕ, ಶೆಡ್ಡಿನ ಹಿಂದ. ಬ್ಯಾಡಾದ್ದು ಹೊಡದ್ರ ಬೇಕಾದ್ದು ಸ್ವಚ್ಛ ಉಳೀತೈತಿ. ಸರ್ ಕಲಿಸಿದ್ದ ಹಂಗ."

"ನಮಗೂ ಅವರ ಕಲಿಸ್ಯಾರವ್ವ. ಈ ಕೈಮ್ಯಾಲ ಬೆತ್ತದ ಗುರ್ತು ಐತಿ."

"ನನಗ ಇದಕ್ಕ ಇಪ್ಪತ್ತೈದಕ್ಕ ಇಪ್ಪತ್ತೈದು ಬಿದ್ದಾವ."

ಸುತ್ತ ನಿಂತವರೆಲ್ಲ ಮಾಸ್ತರ ಕೈಯಲ್ಲಿ ಕಲಿತವರೇ. ಒಬ್ಬೊಬ್ಬರೇ ಬಾಯಿ ಹಾಕಿದರು. ತಲೆ ನರೆತವರೆಲ್ಲ ಮುಷರಫ ಹೇಳಿದ್ದೇ ಖರೆ ಎಂದರು. ತಲೆ ಕಪ್ಪಗಿದ್ದವರೆಲ್ಲ ದೀಪಿಕಾನ ಕಡೆ. ಮಾತು ಏರುತ್ತ ಏರುತ್ತ, ಯಾರೂ ಹೇಳದೆಯೇ, ಕುಣಿಯ ಆ ದಂಡೆಗೆ ಒಂದು ಗುಂಪು, ಈ ದಂಡೆಗೆ ಒಂದು ಗುಂಪು ನಿಂತುಬಿಟ್ಟಿತು. ನಡುವೆ ಕುಣಿಯೊಳಗೆ ಗ್ಯಾನಪ್ಪ ಎರಡೂ ಕಡೆ ಕತ್ತು ತಿರುಗಿಸುತ್ತಿದ್ದ. ಅವನು ಸಾಲೆಗೆ ಹೋದವನಲ್ಲ. ಅಲ್ಲಿ ತಪ್ಪು ಮಾಡದವನು ಅವನೊಬ್ಬನೇ.

"ಏ ಸುಮ್ಮನಾಗ್ರಿ" ಎಂದರು ಅಯ್ಯನವರು. "ಒಬ್ಬ ಮಾಸ್ತರ ಎರಡು ನಮೂನಿ ಯಾಕ ಕಲಿಸ್ಯಾನು?"

"ನಾವೂ ಕೇಳಿದ್ವಿ" ಎಂದಳು ದೀಪಿಕಾ. "ನಮ್ಮಕ್ಕ ಬ್ಯಾರೆ ನಮೂನಿ ಹೇಳ್ತಾಳಲ್ರಿ ಸರ್ ಅಂದ್ವಿ. 'ಮೊದಲು ನಾನೂ ತಪ್ಪು ದಾರಿ ಹಿಡಿದಿದ್ದೆ. ನನ್ನ ಗುರುಗಳು ತಿದ್ದಿದ್ರು' ಅಂದ್ರು. ಯಾರ್ರಿ ನಿಮ್ಮ ಗುರುಗಳು ಅಂದ್ರ, 'ಹೆಸರು ಹೇಳಿದ್ರ ನನಗ ರೊಟ್ಟಿ ಸಿಗಂಗಿಲ್ಲ' ಅಂದ್ರು. ಎಲ್ಲಾರೂ ನಕ್ವಿ. ನಮಗೇನೂ ತಿಳೀಲಿಲ್ಲ."

ಶಿವಲಿಂಗಮ್ಮ ಏನೋ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು.

* * *

ಅದೊಂದು ಭಾನುವಾರ ಬೆಳಿಗ್ಗೆ. ಅವಳು ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಮಗ್ಗುಲಲ್ಲಿ ಮಾಸ್ತರು ಪರೀಕ್ಷೆಯ ಹಾಳೆ ತಿದ್ದುತ್ತ, ಪ್ರತಿ ಹಾಳೆಗೂ ನಿಟ್ಟುಸಿರು ಬಿಡುತ್ತಿದ್ದರು.

"ಏನಾತು? ಹಂಗ್ಯಾಕ ಬುಸುಗುಟ್ತೀರಿ?"

"ಎರಡು ಗೆರಿ ಇದ್ರ ಬರೋಬರಿ ಮಾಡ್ತಾವ. ಮೂರು ಗೆರಿ ಕೊಟ್ರ ಒಂದಕ್ಕೂ ಉತ್ತರ ಕಾಣವಲ್ದು. ನೋಡಿಲ್ಲೆ."

ಗ್ರಾಫ್ ಹಾಳೆಯ ತುಂಬ ಪೆನ್ಸಿಲ್ಲಿನ ಮಸಿ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಇದರಾಗ ಉತ್ತರ ಯಾವುದು?"

"ಮೂರೂ ಮಸಿ ಕೂಡಿ ಎಲ್ಲಿ ಗವ್ವ ಕತ್ತಲಾಗೈತೋ ಅದು."

ಅವಳಿಗೆ ರೇಗಿತು. "ಯಾರಿಗೆ ಕಾಣಬೇಕ್ರಿ ಅದು? ನಾ ಈಗ ಬ್ಯಾಳಿ ಹಸನ ಮಾಡಾಕ ಹತ್ತೀನಿ. ಕಲ್ಲು ಆರಿಸಿ ಒಗೀತೀನಿ, ಬ್ಯಾಳಿ ಉಳೀತೈತಿ. ನಿಮ್ಮಂಗ ಬ್ಯಾಳಿಗೇ ಮಸಿ ಬಳಕೊಂತ ಕುಂತ್ರ ಇವತ್ತು ಸಾರು ಆದಂಗ. ಛಲೋದ್ದನ್ನ ಯಾರರ ಹೊಲಸು ಮಾಡ್ತಾರ? ಬ್ಯಾಡಾದ್ದನ್ನ ಹೊಡದು ಹಾಕ್ರಿ. ಇಪ್ಪತ್ತು ವರ್ಷದಿಂದ ಇದನ್ನ ಕಲಿಸಿ 'ಸರ್' ಅನಿಸ್ಕೊಂತೀರಿ."

ಮಾಸ್ತರು ಮಾತಾಡಲಿಲ್ಲ. ಆ ದಿನ ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ. ಬೈದದ್ದು ಹೆಚ್ಚಾಯಿತೇನೋ ಎಂದು ಅವಳಿಗೇ ಅನ್ನಿಸಿ ಮಂಗಳವಾರ ಹೂರಣದ ಹೋಳಿಗೆ ಮಾಡಿದಳು. ಯಾಕೆ ಮಾಡಿದಳು ಎಂದು ಅವಳು ಹೇಳಲಿಲ್ಲ. ಯಾಕೆ ಸುಮ್ಮನಿದ್ದೆ ಎಂದು ಅವರೂ ಹೇಳಲಿಲ್ಲ. ಮೂರು ಹೋಳಿಗೆ ತಿಂದು ಸೈಕಲ್ಲು ಹತ್ತಿ ಸಾಲೆಗೆ ಹೋದರು.

* * *

"ತಪ್ಪು ನಂದು" ಎಂದಳು ಶಿವಲಿಂಗಮ್ಮ.

ಎರಡೂ ದಂಡೆಯ ಮಂದಿ ಅವಳ ಕಡೆ ತಿರುಗಿದರು. ಈ ಮಾತನ್ನು ಆ ಬಾಯಿಂದ ಊರಲ್ಲಿ ಯಾರೂ ಕೇಳಿರಲಿಲ್ಲ. ಮುದುಕಿಗೆ ದುಃಖ ತಲೆಗೇರಿತು ಎಂದುಕೊಂಡು ದೀಪಿಕಾ ಅವಳ ತೋಳು ಹಿಡಿದಳು.

"ಏ ಬಿಡವ್ವ, ನನಗೇನೂ ಆಗಿಲ್ಲ. ಬ್ಯಾಡಾದ್ದು ಹೊಡೀರಿ ಅಂತ ನಾನ ಬೈದಿದ್ದೆ ಅವರಿಗೆ. ಬ್ಯಾಳಿ ಹಸನ ಮಾಡೂವಾಗ." ಅವಳು ಸೆರಗಿನಿಂದ ಮೂಗು ಒರೆಸಿದಳು. "ಗುರು ಅಂತ, ಗುರು. ಇಪ್ಪತ್ತೈದು ವರ್ಷ ನನ್ನ ಮಗ್ಗಲಕ ಕುಂತು ಉಂಡು ಒಂದು ಮಾತು ಹೇಳಲಿಲ್ಲ ನೋಡ್ರಿ, ಎಂಥಾ ಮನಿಶ್ಯಾ."

ಮೊದಲು ಮುಷರಫ ನಕ್ಕ. ಆಮೇಲೆ ದೀಪಿಕಾ. ಆಮೇಲೆ ಕುಣಿಯೊಳಗಿನ ಗ್ಯಾನಪ್ಪ, ಏನೂ ತಿಳಿಯದಿದ್ದರೂ. ಪಡಸಾಲೆಯ ಹೆಂಗಸರು ಇದೇನು ನಗೆ ಎಂದು ಬಾಗಿಲಿಗೆ ಬಂದು ಇಣುಕಿದರು.

ಮುಷರಫ ತನ್ನ ಎರಡು ಗೆರೆಗಳ ಸುಣ್ಣವನ್ನು ಕಾಲಿನಿಂದ ಕೆದರಿ ಅಳಿಸಿ, ಆಚೆ ಕಡೆಗೆ ಹೊಡೆದ. ಈಗ ನಾಲ್ಕು ಗೆರೆಗಳ ನಡುವೆ ಸುಣ್ಣ ಬೀಳದ ಕರಿ ಮಣ್ಣಿನ ಒಂದು ತುಂಡು ಸ್ವಚ್ಛವಾಗಿ ಉಳಿಯಿತು. ಹಿತ್ತಲ ಬಾಗಿಲು ಅಲ್ಲಿಂದ ನೇರ ಕಾಣುತ್ತಿತ್ತು. ಗ್ಯಾನಪ್ಪ ಗುದ್ದಲಿಯ ಕಾವಿನಿಂದ ಅಳೆದ. ಉದ್ದ ಅಳೆದ, ಅಗಲ ಅಳೆದ, ಇನ್ನೊಮ್ಮೆ ಅಳೆದ.

"ಒಂದು ಕುಣಿ ಆಗತೈತ್ರಿ ಅಮ್ಮಾರ. ಎರಡು ಆಗಂಗಿಲ್ಲ."

ಎಲ್ಲರ ಕಣ್ಣು ಮೂಡಣ ದಿಕ್ಕಿನ ಗೆರೆಯ ಮೇಲೆ ಹೋಯಿತು. ಅದು ಕಲ್ಲೇಶನ ಇಪ್ಪತ್ತು ಹೆಜ್ಜೆಯ ಗೆರೆ. ಕಲ್ಲೇಶ ಆಕಾಶದಲ್ಲಿ ಏನೋ ನೋಡುತ್ತಿದ್ದ.

ಶಿವಲಿಂಗಮ್ಮ ಬೇಡಿಕೊಳ್ಳುವವಳಲ್ಲ. ಉಳಿದ ತುಂಡಿನೊಳಗೆ ಹೋಗಿ, ನೋವಿನ ಮೊಣಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತಳು. ಕೂತು ಎಡಕ್ಕೆ ಸರಿದಳು, ಬಲಕ್ಕೆ ಸರಿದಳು. ಗಂಡನ ಕುಣಿಯಷ್ಟು ಬಿಟ್ಟರೆ ಅವಳ ಒಂದು ತೊಡೆ ಸುಣ್ಣದ ಮೇಲೆ ಬರುತ್ತಿತ್ತು.

"ಹೂಂ" ಎಂದಳು. "ಅವರನ್ನರ ಇಡ್ರಿ. ನನ್ನ ಮಾತು ಆಮ್ಯಾಲ ನೋಡಿದ್ರಾತು. ಹೊತ್ತು ಹೊಂಟೈತಿ."

ಗ್ಯಾನಪ್ಪ ತಲೆ ತುರಿಸಿಕೊಂಡ. "ಇದನ್ನ ತೋಡ್ತೀವ್ರಿ. ಆದ್ರ ಅಲ್ಲಿ ತಪ್ಪಿ ತೋಡಿದ್ದು? ತೋಡಿದ ಕುಣಿ ಬರಿದ ಮುಚ್ಚಬಾರದ್ರಿ. ಊರಾಗ ಇನ್ನೊಬ್ಬರನ್ನ ಕೇಳತೈತಿ ಅಂತಾರ. ಏನರ ಹಾಕ್ಲೇಬೇಕು."

"ಅಟ್ಟದ ಮ್ಯಾಲ ಮೂರು ಚೀಲ ಪರೀಕ್ಷಾ ಹಾಳಿ ಅದಾವ, ಒಯ್ದು ಸುರೀರಿ" ಎಂದಳು ಶಿವಲಿಂಗಮ್ಮ ಕೂತಲ್ಲಿಂದಲೇ. "ಒಲಿಗೆ ಹಾಕ್ತೀನಂದ್ರ ಬಿಡಲಿಲ್ಲ, ಮಕ್ಕಳ ಕೈಬರಹ ಸುಡಬಾರದು ಅಂತ. ಇಲಿ ಸಂಸಾರ ಮಾಡ್ಯಾವ ಅದರಾಗ."

ಮುಷರಫನ ಆಳುಗಳು ಹೊಸ ಜಾಗದಲ್ಲಿ ಗುದ್ದಲಿ ಹಾಕಿದರು. ಮೆತ್ತನೆಯ ಎರೆಮಣ್ಣು, ತೋಡಲು ಆರು ಜನ. ಕೆಲಸ ಬೇಗ ಸಾಗಿತು. ಇತ್ತ ಚೀಲಗಳು ಬಂದವು. ಮೊದಲ ಚೀಲದ ಬಾಯಿ ಬಿಚ್ಚಿ ಕುಣಿಗೆ ಸುರಿಯುವಷ್ಟರಲ್ಲಿ ಯಾರೋ ಒಬ್ಬ, "ಏ ತಡೀರಿ, ನಂದು, ನಂದು" ಎಂದು ಕೈ ಹಾಕಿದ. ಅಷ್ಟೇ. ಎಲ್ಲರೂ ಬಾಗಿದರು. ಸಾವಿನ ಮನೆಯ ಮಂದಿ ಜಾತ್ರೆಯ ಬಳೆಗಾರನ ಮುಂದೆ ಬಿದ್ದ ಹಾಗೆ ಬಿದ್ದರು. ಹತ್ತಕ್ಕೆ ಮೂರು ಪಡೆದವರು ಜೋರಾಗಿ ಓದಿ ನಕ್ಕರು. ಹತ್ತಕ್ಕೆ ಒಂಬತ್ತು ಪಡೆದವರು ಮೆಲ್ಲಗೆ ಓದಿ ಮಡಚಿ ಜೇಬಿಗಿಟ್ಟರು. ಅಯ್ಯನವರು ಬಹಳ ಹೊತ್ತು ಹುಡುಕಿ, ಒಂದು ಹಾಳೆ ಸಿಕ್ಕ ಕೂಡಲೇ ಯಾರಿಗೂ ತೋರಿಸದೆ ಕಾವಿ ಅಂಗಿಯೊಳಗೆ ತುರುಕಿಕೊಂಡರು.

"ಕಲ್ಲೇಶಣ್ಣಾ, ಇದು ನಿಂದು ನೋಡು" ಎಂದ ಮುಷರಫ. ಕಲ್ಲೇಶ ಕಸಿದುಕೊಳ್ಳಲು ಕೈ ಚಾಚಿದ. ಮುಷರಫ ಹಾಳೆಯನ್ನು ಮೇಲೆತ್ತಿ ಹಿಡಿದ. "ಯಪ್ಪಾ, ಇದೇನಿದು? ಗೆರಿ ಎಡಕೂ ಮಸಿ, ಬಲಕೂ ಮಸಿ. ಹಾಳಿ ತುಂಬ ಬಳದಿಯಲ್ಲೋ ಮಾರಾಯ."

"ಯಾವ ಕಡೆ ಅಂತ ತಿಳೀಲಿಲ್ಲ, ಎರಡೂ ಕಡೆ ಹೊಡದೆ" ಎಂದ ಕಲ್ಲೇಶ. "ಒಂದರ ಬರೋಬರಿ ಆಗತೈತಿ ಅಂತ. ತಾ ಇಲ್ಲೆ."

"ತಡಿ. ಕೆಂಪು ಶಾಯಿಯಾಗ ಬರದಾರ." ಮುಷರಫ ಓದಿದ. "'ಗೆರೆ ಸರಿ ಇದೆ, ಎರಡು ಅಂಕ. ಎರಡೂ ಕಡೆ ನಿನ್ನದೇ ಅಲ್ಲ ತಮ್ಮಾ. ಒಂದು ಕಡೆ ಬಿಡು.'"

ನಗೆ ಎದ್ದಿತು ನೋಡಿ, ಕಟ್ಟಿದ ದನಗಳು ಬೆದರಿ ಹಗ್ಗ ಜಗ್ಗಿದವು. ಪಡಸಾಲೆಯಲ್ಲಿ ಭಜನೆಯವರ ತಾಳ ತಪ್ಪಿತು. ಕಲ್ಲೇಶನ ಮುಖ ಕೆಂಪಾಯಿತು. ಹಾಳೆ ಕಸಿದುಕೊಂಡು ತಾನೇ ಓದಿದ. ಮತ್ತೊಮ್ಮೆ ಓದಿದ. ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಹತ್ತಿರ ನಿಂತವರಿಗೂ ತಿಳಿಯಲಿಲ್ಲ.

"ಮೂವತ್ತೈದು ವರ್ಷ ಆತು, ಇನ್ನೂ ತಿದ್ದಾಕ ಹತ್ಯಾನ ಈ ಮುದುಕ" ಎಂದ.

ಮೂಡಣ ಗೆರೆಯ ಬಳಿ ಹೋಗಿ, ಚಪ್ಪಲಿ ಕಳಚಿ, ಬರಿಗಾಲಿನಿಂದ ಸುಣ್ಣ ಕೆದರಿದ. ಬೋರ್‌ವೆಲ್ಲಿನ ತನಕ ನಡೆದುಹೋಗಿ ಅಲ್ಲಿಂದ ಮತ್ತೆ ಎಣಿಸುತ್ತ ಬಂದ. ಈ ಸಲ ಮದುಮಗಳು ಇಡುವಂಥ ಸಣ್ಣ ಹೆಜ್ಜೆ. "ಇಪ್ಪತ್ತು" ಎಂದು ನಿಂತಾಗ ಮೊದಲಿನ ಗೆರೆಯಿಂದ ಎಂಟು ಮೊಳ ಹಿಂದಿದ್ದ.

"ಈಗೂ ಇಪ್ಪತ್ತ ಅದಾವಲ್ಲ ಚಿಗವ್ವ. ನನ್ನ ಮಾತಿಗೆ ನಾ ತಪ್ಪಿಲ್ಲ."

"ಮೊದಲ ಹಿಂಗ ನಡದಿದ್ರ ನಿನ್ನ ಪ್ಯಾಂಟ್ ಚಿಂತಿ ನನಗ ಇರತಿರಲಿಲ್ಲ" ಎಂದಳು ಶಿವಲಿಂಗಮ್ಮ. ದೀಪಿಕಾ, ನಗೆ ಕೇಳಿ ಬಂದಿದ್ದ ಲಲಿತಾ ಇಬ್ಬರೂ ಕೈ ಕೊಟ್ಟು ಅವಳನ್ನು ಎಬ್ಬಿಸಿದರು. ನಾಲ್ಕನೆಯ ಸಲದ ಅಳುವನ್ನು ಅವಳು ಅಲ್ಲಿಯೇ, ಹೊಲದಲ್ಲಿಯೇ, ಮನಸ್ಸು ತುಂಬ ಅತ್ತು ಮುಗಿಸಿದಳು.

ಉಳಿದ ಹಾಳೆ ಸುರಿದು ಗ್ಯಾನಪ್ಪ ತಪ್ಪಿ ತೋಡಿದ ಕುಣಿ ಮುಚ್ಚಿದ. ಹೊತ್ತು ಇನ್ನೂ ಎರಡು ಮಾರು ಮೇಲಿರುವಾಗ ಮಾಸ್ತರನ್ನು ತಂದರು. ಅಯ್ಯನವರು ಮಂತ್ರ ಹೇಳಿದರು. ಬಾಗಿಲ ಕಡೆಗೆ ಮುಖ ಮಾಡಿ ಕೂಡಿಸಿದರು. ಉಪ್ಪು, ವಿಭೂತಿ, ಪತ್ರಿ ಬಿದ್ದವು. ನರೆತ ತಲೆಯವರು, ಕಪ್ಪು ತಲೆಯವರು ಸಾಲಾಗಿ ಬಂದು ಹಿಡಿಹಿಡಿ ಮಣ್ಣು ಹಾಕಿದರು. ಮುಷರಫ ಎರಡು ಹಿಡಿ ಹಾಕಿದ.

ಮಂದಿ ಕೈಕಾಲು ತೊಳೆಯಲು ಮನೆಯ ಕಡೆ ತಿರುಗಿದರು. ಗುಡ್ಡೆ ಹಾಕಿದ ಹೊಸ ಮಣ್ಣಿನ ಮಗ್ಗುಲಲ್ಲಿ ಇನ್ನೊಂದು ಕುಣಿಯಷ್ಟು ನೆಲ ಹಾಗೇ ಉಳಿದಿತ್ತು. ಕಲ್ಲೇಶ ಅಲ್ಲಿಯೇ ನಿಂತ. ಹೆಗಲ ಮೇಲಿನ ಟವೆಲು ತೆಗೆದು ಕೊಡವಿದ. ಕೊಪ್ಪಳದ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಚಿಗವ್ವನ ಪಾಲಿನ ಆ ನೆಲದ ಮೇಲೆ ಹಾಸಿದ.

"ಒಗದೀಯಿಲ್ಲೋ ಅದನ್ನ?" ಎಂದಳು ಶಿವಲಿಂಗಮ್ಮ ದೂರದಿಂದ, ತಿರುಗಿ ನೋಡಿ.

ಗಾಳಿ ಬೀಸಿ ಟವೆಲಿನ ಒಂದು ಮೂಲೆ ಎದ್ದಿತು. ಕಲ್ಲೇಶ ಬಾಗಿ, ನಾಲ್ಕೂ ಮೂಲೆಗೆ ಒಂದೊಂದು ಹೆಂಟೆ ಇಟ್ಟು, ಒತ್ತಿ ನೋಡಿದ.